ಹಗೇವು ಸೇರಿದ ಕಬ್ಬಿಣ

ಯಂಕಂಚಿ, ತಾ. ಸಿಂದಗಿ
ರವಿವಾರ, ೨೩ ಫೆಬ್ರುವರಿ ೨೦೨೫

ಮುದ್ದಿನ ಮಗಳು ಪ್ರಿಯದರ್ಶಿನಿಗೆ ಪರಮಾನಂದ ಕಾಕಾನ ಜೈಭೀಮ.

ಆರಾಮಿದ್ದೀಯಾ? ತಲೆ ಕೆಳಗೆ, ಕಾಲು ಮೇಲೆ ಮಾಡಿ ಮಲಗಿದವಳ ಕ್ಷೇಮಸಮಾಚಾರ ಕೇಳುವುದು ಹೇಗೆಂದು ಏಳನೆಯ ಇಯತ್ತೆಯ ಪತ್ರಲೇಖನದಲ್ಲಿ ನಮ್ಮ ಮಾಸ್ತರರು ಕಲಿಸಿರಲಿಲ್ಲ. ಮುಖದ ಬಾವು ಇಳಿಯಿತೇ? ಊಟ ಸೇರುತ್ತದೆಯೇ? ನಾವೆಲ್ಲ ಕ್ಷೇಮ, ಜೋಳದ ರಾಶಿಯೂ ಮುಗಿಯಿತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮವ್ವ ಮಗ್ಗುಲಲ್ಲೇ ಕೂತು ನನ್ನ ಪ್ರತಾಪವನ್ನು ಅರ್ಧಕ್ಕೇ ಕತ್ತರಿಸುತ್ತಾಳೆ. ಅದಕ್ಕೇ ಈ ಕಾಗದ. ಅಂಗಡಿಯ ತೌಸಿಫ ಇದರ ಫೋಟೋ ತೆಗೆದು ಈಗಲೇ ನಿನಗೆ ಕಳಿಸುತ್ತಾನೆ.

“ಅವ್ವ ಒಪ್ಪಲಿಲ್ಲಂದ್ರ ನಡಕ ಎದ್ದು ಬರ್ತೇನಿ ಕಾಕಾ” ಎಂದು ಫೋನಿನಲ್ಲಿ ಅತ್ತಿದ್ದೆಯಲ್ಲ, ಅವಳನ್ನು ಒಪ್ಪಿಸಲು ನಾನು ಅಂದೇ ಟೊಂಕ ಕಟ್ಟಿದೆ. ತೂಕವೇ ಇಲ್ಲದ ಅಂತರಿಕ್ಷದಲ್ಲಿ ಮನುಷ್ಯನ ಮೈಯೊಳಗಿನ ಕಬ್ಬಿಣ ಏನಾಗುತ್ತದೆಂದು ಭೂಮಿಯ ಮೇಲೆಯೇ ತಿಳಿಯಲು ಜರ್ಮನಿಯವರು ತಲೆ ತಗ್ಗಾಗಿ ಎರಡು ತಿಂಗಳು ಮಲಗುವವರನ್ನು ಹುಡುಕಿದರೆ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕು ಜಾಲಾಡಿದರೂ ಸಿಗದಂಥವಳು ನೀನು ಆರಿಸಿ ಬಂದೆ! ಅಂಥದ್ದನ್ನು ನಡುವೆ ಬಿಡುವುದೇ? ಆದರೆ “ಸ್ವಲ್ಪ ರಕ್ತ ಕಡಿಮಿ ಆಗ್ತೈತಿ” ಎಂದು ನೀನು ಬಾಯಿ ಬಿಟ್ಟದ್ದೇ ತಪ್ಪಾಯಿತು. “ನನ್ನ ಮಗಳ ರಕ್ತ ಹೀರಾಕತ್ತಾರ! ಬಾ ಅನ್ನು ಅಕಿಗೆ” ಎಂದು ನಿಮ್ಮವ್ವ ಹಟ ಹಿಡಿದಳು. ನಿನಗೆ ರಕ್ತ ಏರಲೆಂದು ಅಳವಿ ಬೀಜ ಹುರಿದು, ಉತ್ತತ್ತಿ ಕುಟ್ಟಿ, ಅವಳಿಜವಳಿ ಹೆತ್ತ ಬಾಣಂತಿಗೂ ಮುಗಿಯದಷ್ಟು ಉಂಡಿ ಕಟ್ಟಿ ಪಾರ್ಸಲ್ಲಿಗೆ ಸಿದ್ಧಮಾಡಿದಳು. ಅಲ್ಲಿ ಹೊರಗಿನ ಒಂದು ತುತ್ತೂ ಬಿಡುವುದಿಲ್ಲ, ತೂಗಿಟ್ಟದ್ದನ್ನೇ ತಿನ್ನಬೇಕು ಎಂದೆ. “ಉಂಡಿ ಒಳಗ ಬಿಡದವರ ಮನ್ಯಾಗ ನನ್ನ ಮಗಳು ಇರೂದೂ ಬ್ಯಾಡ!” ಎಂದಳು.

ನಾನು ಸೋಲುವವನೇ? ಮೊನ್ನೆ ಮುಂಜಾನೆ ಹೊರಸಿನ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು, ಅಂಗಳದ ನಡುವೆ ತಲೆ ತಗ್ಗಾಗಿ ಮಲಗಿಬಿಟ್ಟೆ. ಓಣಿಗೆ ಓಣಿಯೇ ಕೂಡಿತು. ಪಕ್ಕದ ಮನೆಯ ಲಾಲಬಿ ಚಿಗವ್ವ, “ಏನೋ ಪರಮಾನಂದ, ಇದೇನ ಹೊಸಾ ಸೋಗು?” ಎಂದಳು. “ಅಂತರಿಕ್ಷಕ್ಕ ಹೊಂಟೇನಿ ಚಿಗವ್ವಾ” ಎಂದರೆ, “ಹೋಗಾಕಿಂತ ಮೊದಲ ನಮ್ಮ ಕೊಡಪಾನ ಕೊಟ್ಟು ಹೋಗಪಾ” ಎಂದಳು! ಮಧ್ಯಾಹ್ನದ ಹೊತ್ತಿಗೆ ನನ್ನ ಮುಖ ಗುಂಡು ಬದನೆಕಾಯಿಯಂತೆ ಊದಿತ್ತು. ಇನ್ನೊಂದು ಪೇಚೆಂದರೆ, ಗಳಿಗೆಗೊಮ್ಮೆ ಹಿತ್ತಲಿಗೆ ಓಡುವಂತಾಯಿತು. (ಏಳಬಾರದೆಂಬ ನಿಮ್ಮ ನಿಯಮವೊಂದನ್ನು ಪಾಲಿಸಲಾಗಲಿಲ್ಲ. ಅದನ್ನು ನಿನ್ನ ಡಾಕ್ಟರರಿಗೆ ಹೇಳಬೇಡ.)

“ಒಂದು ಚರಗಿ ನೀರೂ ಕುಡದಿಲ್ಲ, ಎಷ್ಟ ಸಲ ಹೋಗ್ತಿಯೋ?” ಎಂದಳು ನಿಮ್ಮವ್ವ. ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ನೀನು ನನಗೆ ತಿಳಿಸಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದೆ. “ವೈನಿ, ಕಾಲಾಗಿನ ನೀರು ಎದಿಗೆ ಏರತೈತಿ. ಭಾಳ ಆತು ಅಂತ ತಿಳದು ಮೈ ಅದನ್ನ ಹೊರಗ ಚೆಲ್ಲತೈತಿ. ನೀರು ಹೋದಮ್ಯಾಲ ರಕ್ತ ದಪ್ಪ ಆತು, ಕೆಂಪು ಕಣ ಹೆಚ್ಚಾದ್ವು ಅಂತ ಅವನ್ನೂ ಒಂದಿಷ್ಟು ಒಡೀತೈತಿ. ಅಂದಮ್ಯಾಲ ಅದರಾಗಿನ ಕಬ್ಬಿಣ ಎಲ್ಲಿ ಹೋತು?” ಉತ್ತರವನ್ನೂ ನಾನೇ ಹೇಳಿದೆ. “ಎಲ್ಲೂ ಹೋಗಿಲ್ಲ. ಪಿತ್ತಕೋಶದ ಹತ್ರ ಇರೂ ಯಕೃತ್ತಿನ್ಯಾಗ, ಅಲ್ಲಿ ಇಲ್ಲಿ ಕೂಡಿ ಕುಂತೈತಿ. ಹಗೇವಿನ್ಯಾಗ ಇಳಿಸಿದ ಜ್ವಾಳ ಇದ್ದಂಗ!”

ನನ್ನ ಹೊರಸಿನ ಪಕ್ಕದಲ್ಲೇ ನಮ್ಮ ಹಗೇವು. ಹೋದ ವಾರವಷ್ಟೇ ಜೋಳವನ್ನು ನೆಲದೊಳಗೆ ಇಳಿಸಿ, ಬಾಯಿಗೆ ಹುಲ್ಲು ಮುಚ್ಚಿ ಮಣ್ಣು ಮೆತ್ತಿದ್ದೆವು. ನಿಮ್ಮವ್ವನ ಮಾತಿಲ್ಲದೆ ಅದರ ಬಾಯಿ ಮುಟ್ಟುವ ಗಂಡಸು ನಮ್ಮ ಮನೆಯಲ್ಲಿಲ್ಲವೆಂಬುದು ನಿನಗೆ ಗೊತ್ತೇ ಇದೆ. ಅವಳು ಬಗ್ಗಿ ಅದರ ಬಾಯಿಯ ಮಣ್ಣು ಒತ್ತಿ ನೋಡಿದಳು. ಆಮೇಲೆ ತಾನಾಗಿಯೇ ಅಂದಳು: “ತುಂಬಿದ ಹಗೇವಿಗೆ ಮತ್ತ ಸುರುವಿದ್ರ ಮುಗ್ಗ ಹಿಡೀತೈತಿ.” ಉಂಡಿಯ ಹಟ ಬಿಟ್ಟಳೆಂದು ಮಲಗಿದಲ್ಲೇ ಚಪ್ಪಾಳೆ ಹೊಡೆದೆ! “ಹಂಗಾರ ಅಕಿ ಎದ್ದು ನಿಂತಮ್ಯಾಲ ಹಗೇವು ತೆರೀತೈತೇನು?” ಎಂದು ಕೇಳಿದಳು. ತೆರೆಯುತ್ತದೆ, ಹೊಸ ರಕ್ತ ಕಟ್ಟುವುದು ಅದೇ ಕಬ್ಬಿಣದಿಂದ ಎಂದೆ. “ಹಂಗಾರ ಮೊದಲ ನೀ ಏಳು. ನಿನ್ನ ಕಬ್ಬಿಣ ದನಕ್ಕ ನೀರ ಕುಡಸಾಕ ಬೇಕಾಗೇತಿ” ಎಂದು ಕಾಲಿನಿಂದಲೇ ಇಟ್ಟಿಗೆ ಸರಿಸಿದಳು.

ಪಾರ್ಸಲ್ ಬಿಚ್ಚಿಯಾಯಿತು. ನನ್ನ ಹಗೇವು ಇನ್ನೂ ತುಂಬದ ಕಾರಣ ಉಂಡಿಗಳ ಹೊಣೆಯನ್ನು ನಾನೇ ಹೊತ್ತಿದ್ದೇನೆ.

ನಮ್ಮ ಓಣಿಯ ತಿಪ್ಪವ್ವ ಆಯಿ ನಿನ್ನ ಫೋಟೋ ಇಟ್ಟು ದೃಷ್ಟಿ ತೆಗೆದಿದ್ದಾಳೆ. ಮಲಗಿಕೊಂಡೇ ಊರಿಗೆ ಹೆಸರು ತಂದವಳು ನೀನೊಬ್ಬಳೇ. ಎದ್ದ ಮೇಲೆ ಇನ್ನೇನೇನು ತರುತ್ತೀಯೋ! ನೂರು ವರ್ಷ ಬಾಳು.

ನಿನ್ನ
ಪರಮಾನಂದ ಕಾಕಾ

ತಾ.ಕ.: ತೌಸಿಫ ಫೋನ್ ಹಿಡಿದು ಅವಸರ ಮಾಡುತ್ತಿದ್ದಾನೆ, ನಾನು ಮುಖ್ಯವಾದದ್ದನ್ನೇ ಬರೆದಿಲ್ಲ. ನಿಮ್ಮವ್ವ ಒಪ್ಪಿದ್ದಾಳೆ. “ಹಿಡದ ಕೆಲಸ ನಡಕ ಬಿಡಬ್ಯಾಡ ಅಂತ ಬರಿ” ಎಂದಳು. ಒಂದೇ ಕರಾರು: ಎದ್ದು ನಿಲ್ಲುವ ದಿನ ವಿಡಿಯೋ ಕಾಲ್ ಮಾಡಬೇಕಂತೆ. “ಮಾರಿ ಆಮ್ಯಾಲ ತೋರಸಲಿ. ಮೊದಲ ಪಾದ ತೋರಸಲಿ, ನೆಲಕ್ಕ ಊರಿದ್ದು ನಾ ನೋಡಬೇಕು.”