ಗಾಯದ ಜಾಕೆಟ್

ಅಣ್ಣನಿಗೆ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಇಸ್ತ್ರಿಪೆಟ್ಟಿಗೆ ಒತ್ತಿದ ಬಲಗೈ ಇನ್ನೂ ಮಡಚಲು ಬರುವುದಿಲ್ಲ. ಇದು ಎಡಗೈ ಬರಹ, ಅರ್ಥವಾಗದಿದ್ದರೆ ಅತ್ತಿಗೆಯ ಹತ್ತಿರ ಓದಿಸಿಕೋ. ನನ್ನನ್ನು ಬಿಡಿಸಲು ಬಂದು ಅವರಿಗೂ ಕತ್ತರಿಯ ಪೆಟ್ಟು ಬಿತ್ತಲ್ಲ, ತುಟಿಯ ಹೊಲಿಗೆ ಬಿಚ್ಚಿದರೇ?

"ಅಪ್ಪನ ಟೈಲರ್ ಅಂಗಡಿ ಎದುರಿಗೇ ನಿನ್ನ ಬೋರ್ಡಾ?" ಎಂದು ನೀನು ಸೀಳಿ ಮೋರಿಗೆಸೆದ ಜಾಕೆಟ್‌ಗಳನ್ನು ಆರಿಸಿ ತಂದು ಒಗೆದೆ. ಒಂದು ಮಾತು ಒಪ್ಪಬೇಕು. ತಲೆಗೆ ರಕ್ತ ಏರಿದ್ದಾಗಲೂ ನಿನ್ನ ಕತ್ತರಿ ಅಪ್ಪ ಕಲಿಸಿದ ಹಾಗೆ ನೂಲಿನ ನೇರಕ್ಕೇ ಹೋಗಿದೆ, ಎಲ್ಲೂ ಎಳೆ ಬಿಚ್ಚಿಲ್ಲ. ಅದಕ್ಕೇ ಕೂಡಿಸಲು ಆಯಿತು. ಎಡಗೈಯಲ್ಲೇ, ಕೆಂಪು ದಾರದಲ್ಲಿ, ಸೊಟ್ಟಸೊಟ್ಟಗೆ ಹೊಲಿದೆ.

ರೆಡಿಮೇಡ್ ಅಂಗಡಿಯವನು, "ಹರಿದಿದ್ದನ್ನ ಯಾರಮ್ಮ ತಗೋತಾರೆ?" ಎಂದು ದಿನಾ ವಾಪಸ್ ಕಳಿಸುತ್ತಿದ್ದ. ನಾನೂ ದಿನಾ ಹೋದೆ. ಕೊನೆಗೆ ನನ್ನ ಕಾಟ ತಾಳಲಾರದೆ ಒಂದನ್ನು ಬಾಗಿಲಿಗೆ ತೂಗುಹಾಕಿದ. ಈಗ ಜನ 'ಗಾಯದ ಜಾಕೆಟ್' ಎಂದೇ ಕೇಳಿಕೊಂಡು ಬರುತ್ತಾರೆ. ಹೊಸ ಬಟ್ಟೆಯನ್ನೂ ನಾನೇ ಸೀಳಿ ಹೊಲಿಯುತ್ತಿದ್ದೇನೆ.

ಅದಕ್ಕೆ ಅಪ್ಪನ ದೊಡ್ಡ ಕತ್ತರಿ ಬೇಕು. ರಕ್ತ ಒರೆಸಿ ಅತ್ತಿಗೆಯ ಕೈಯಲ್ಲಿ ಕಳಿಸು. ಅವರು ಇಲ್ಲೇ ಉಳಿಯುತ್ತೇನೆಂದರೆ ಉಳಿಯಲಿ, ಗುಂಡಿಗಳಿಗೆ ಕಾಜ ಹಾಕಲು ಜನ ಬೇಕು.

ನೀನು ಮಾತ್ರ ಬರಬೇಡ. ನನ್ನ ಇಸ್ತ್ರಿಪೆಟ್ಟಿಗೆ ಬೆಳಗಿನಿಂದ ಬಿಸಿಯಾಗಿಯೇ ಇರುತ್ತದೆ. ಎಡಗೈಯೂ ಈಗ ಚೆನ್ನಾಗಿ ಪಳಗಿದೆ.

ನಿನ್ನ ತಂಗಿ