ಶುಕ್ರವಾರದ ಕಾಣೆ ಮೀನು

ಉದ್ಯಾವರ
3 ಜೂನ್ 2021, ಗುರುವಾರ

ನನ್ನ ಧೃತಿಗೆ,

ನಿನ್ನ ಅಮ್ಮ ಗಂಜಿ ಉಂಡು, ಕೈಗೆ ಎರಡು ಸಲ ಸೋಪು ಹಾಕಿ ತೊಳೆದು, ಜಗಲಿಯಲ್ಲಿ ಕೂತು ಬರೆಯುತ್ತಿರುವ ಕಾಗದ ಇದು. ಕಾಗದ ಕಂಡು ಗಾಬರಿಯಾಗಬೇಡ. ನನಗೆ ಜ್ವರ ಇಲ್ಲ, ಕೆಮ್ಮು ಇಲ್ಲ. ನಿನ್ನೆ ಸಂಜೆ ಆಕ್ಸಿಜನ್ ತೊಂಬತ್ತೆಂಟು ಇತ್ತು. ಅದನ್ನು ನಾನೇ ನೋಡಿ ನಾನೇ ಪುಸ್ತಕದಲ್ಲಿ ಬರೆದದ್ದು. ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಇಷ್ಟು ಬರೆದದ್ದು ಈ ಮೂರು ವಾರಗಳಲ್ಲೇ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಮಣಿಪಾಲದ ಆ ವಾರ್ಡಿನಿಂದ ಹೊರಗೆ ಬಂದು, ಪ್ಲಾಸ್ಟಿಕ್ ಅಂಗಿ ಬಿಚ್ಚಿ, ಹಾಸ್ಟೆಲಿಗೆ ಮುಟ್ಟಿ ಫೋನ್ ಮಾಡುವಾಗ ನಿನ್ನ ಸ್ವರದಲ್ಲಿ ಜೀವವೇ ಇರುವುದಿಲ್ಲ. ಹೊರಗೆ ಹೋಗಬೇಡ ಅಮ್ಮ ಎನ್ನುತ್ತಿ. ಎಲ್ಲಿಗೂ ಹೋಗುವುದಿಲ್ಲ ಮಗಾ ಎಂದು ನಾನೂ ಹೇಳುತ್ತಿದ್ದೆ. ಅದು ಸುಳ್ಳು. ಮೂರು ವಾರಗಳಿಂದ ನಾನು ಮನೆಯಲ್ಲಿ ಇದ್ದದ್ದೇ ಕಡಿಮೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ಲಾಕ್‌ಡೌನಿನಲ್ಲಿ ಮನೆಮನೆಗೆ ಮೀನು ಮಾರುವುದು ನಿಂತಿತಲ್ಲ, ಬುಟ್ಟಿಯನ್ನು ಬಾವಿಕಟ್ಟೆಯ ಮೇಲೆ ಕವುಚಿ ಇಟ್ಟು ಸುಮ್ಮನೆ ಕೂತಿದ್ದೆ. ಒಂದು ದಿನ ರೇಷನ್ ಅಂಗಡಿಯ ಕ್ಯೂನಲ್ಲಿ ಆರೋಗ್ಯ ಕೇಂದ್ರದ ಆಂಜೆಲಾ ಸಿಸ್ಟರ್ ಬಂದರು. ಒಂದೊಂದು ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ಕೊರೊನಾ ಬರುತ್ತಿದೆ, ಆಗ ಆ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರಿಗೆ ನೀರು ಕೊಡಲಿಕ್ಕೂ ಜನ ಇಲ್ಲ, ಅಂಥವರು ಎಲ್ಲೆಲ್ಲಿ ಇದ್ದಾರೆ ಹೇಳಿ ಎಂದು ಕೇಳುತ್ತಿದ್ದರು. ಅವರ ಕೈಯಲ್ಲಿದ್ದ ಹಳೇ ಪಟ್ಟಿಯಲ್ಲಿ ಸತ್ತವರ ಹೆಸರು ಇತ್ತು, ಬದುಕಿದ್ದವರದ್ದು ಇರಲಿಲ್ಲ. ಬ್ಯಾಂಕಿನ ಹಿಂದಿನ ಹಸಿರು ಗೇಟಿನ ಮನೆಯ ಮಾತು ಬಂದಾಗ, ಅಲ್ಲಿ ಅಂಥವರು ಯಾರೂ ಇಲ್ಲ ಎಂದು ಕ್ಯೂನಲ್ಲಿದ್ದವರೆಲ್ಲ ಹೇಳಿದರು. ನನಗೆ ಬಾಯಿ ಕಟ್ಟಿ ನಿಲ್ಲಲಿಕ್ಕೆ ಆಗಲಿಲ್ಲ.

"ಒಬ್ಬರು ಇದ್ದಾರೆ ಸಿಸ್ಟರ್," ಎಂದೆ. "ಆ ಮನೆಗೆ ನಾನು ಯಾವಾಗಲೂ ಕೊಡುವುದು ಹತ್ತು ಬಂಗುಡೆ, ಜೊತೆಗೆ ಸಣ್ಣದು ಒಂದು ಕಾಣೆ. ಕಾಣೆಗೆ ಮುಳ್ಳು ಕಡಿಮೆ ಅಲ್ವಾ? ಹಲ್ಲಿಲ್ಲದವರಿಗೆ, ನುಂಗಲಿಕ್ಕೆ ಕಷ್ಟ ಇರುವವರಿಗೆ ತೆಗೆದುಕೊಳ್ಳುವುದು ಅದು. ಆ ಮನೆಯಲ್ಲಿ ಮಕ್ಕಳು ಇಲ್ಲ. ಮತ್ತೆ ಯಾರಿಗೆ?"

ಸಿಸ್ಟರ್ ಹೋಗಿ ನೋಡಿದರು. ಯಜಮಾನರ ಚಿಕ್ಕಮ್ಮ, ಎಂಬತ್ತನಾಲ್ಕು ವರ್ಷ, ಸೊಂಟ ಮುರಿದು ಒಳಕೋಣೆಯಲ್ಲಿ ಮಲಗಿದ್ದರು. ಮಧ್ಯಾಹ್ನವೇ ಸಿಸ್ಟರ್ ನಮ್ಮ ಮನೆಗೆ ಬಂದರು. ಅಪ್ಪಿ ಅಕ್ಕ, ನೀವು ಮೀನು ಮಾರಿದ ಎಲ್ಲ ಮನೆಯನ್ನೂ ನೆನಪು ಮಾಡಿ ಎಂದರು. ನಾನು ಹೇಳಿದೆ, ಅವರು ಬರೆದರು. ಹೆದ್ದಾರಿಯ ಪಡುಬದಿಯಲ್ಲಿ ನಲವತ್ತೊಂದು ಜನ. ಇಪ್ಪತ್ತಾರು ವರ್ಷ ಬುಟ್ಟಿ ಹೊತ್ತ ಮೇಲೆ ನನ್ನ ತಲೆಯೊಳಗೆ ಇಷ್ಟೆಲ್ಲ ಇದೆ ಎಂದು ನನಗೇ ಗೊತ್ತಿರಲಿಲ್ಲ. ಮೀನು ತಿನ್ನದ ಮನೆಗಳನ್ನು ಹಾಲಿನ ಸೊಸೈಟಿಯ ಪ್ರಿಯಂವದಕ್ಕ ಹೇಳಿದರು.

ಆಮೇಲೆ ನಾವು ಎಂಟು ಜನ ಮೀನಿನವರು ಕೆಲಸಕ್ಕೆ ಇಳಿದೆವು. ಎರಡು ಮಾಸ್ಕ್, ಗ್ಲೌಸ್, ತಲೆಗೆ ಟೋಪಿ. ಸಿಸ್ಟರ್ ಎಲ್ಲ ಕಲಿಸಿದರು. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಗಂಜಿ ಕುಡಿಸುವಾಗ ತಲೆ ಎತ್ತಿ ಹಿಡಿಯಬೇಕು. ಬೆರಳಿಗೆ ಆಕ್ಸಿಜನ್ ನೋಡುವ ಆ ಕ್ಲಿಪ್ ಹಾಕಿ ತೊಂಬತ್ತನಾಲ್ಕಕ್ಕಿಂತ ಕೆಳಗೆ ಬಂದರೆ ಕೂಡಲೇ ಫೋನ್. ನೀನು ನಗಬಹುದು, ನಿನಗೆ ಇದೆಲ್ಲ ಎಂತದೂ ಅಲ್ಲ. ಆದರೆ ಮೊದಲ ದಿನ ಒಬ್ಬರು ಅಜ್ಜಿಯ ಬೆರಳಿನಲ್ಲಿ ಕೆಂಪು ಅಂಕಿ ಮಿನುಗಿ ತೊಂಬತ್ತಾರು ಎಂದು ನಿಂತಾಗ ನಾನೇ ಪರೀಕ್ಷೆ ಪಾಸಾದ ಹಾಗೆ ಆಯಿತು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಇವತ್ತು ಯಾವ ಮನೆ ಎಂದು ಲೆಕ್ಕ ಹಾಕುತ್ತೇನೆ. ಐವತ್ತೆರಡನೇ ವರ್ಷದಲ್ಲಿ ಇಂಥ ಹುಮ್ಮಸ್ಸು ಬರುವುದು ಸರಿಯೋ ತಪ್ಪೋ ಗೊತ್ತಿಲ್ಲ, ಬಂದಿದೆ.

ಈಗ ನಾನು ನಾಚಿಕೆಪಡಬೇಕಾದ ಒಂದು ವಿಷಯ ಬರೆಯುತ್ತೇನೆ. ಹೆದ್ದಾರಿಯ ಮೂಡುಬದಿಯಲ್ಲಿ, ರೈಲು ಹಳಿಯವರೆಗೆ, ಸಿಸ್ಟರಿಗೆ ಸಿಕ್ಕಿದ್ದು ಒಂಬತ್ತೇ ಹೆಸರು. ಆ ಕಡೆ ಮುದುಕರೇ ಇಲ್ಲವೋ, ಗೊತ್ತಿರುವವರು ಇಲ್ಲವೋ ಎಂದು ಅವರು ತಲೆ ಕೆರೆದುಕೊಂಡರು. ಗೊತ್ತಿರುವವರು ಯಾರು ಎಂದು ನನಗೆ ಗೊತ್ತಿತ್ತು. ಆ ಕಡೆ ಮೂವತ್ತು ವರ್ಷ ಬುಟ್ಟಿ ಹೊತ್ತವಳು ಗುಲಾಬಿ ಮಾಮಿ, ನಿನ್ನ ಅಪ್ಪನ ಅಕ್ಕ. ನಿನ್ನ ಅಪ್ಪ ತೀರಿಕೊಂಡ ಮೇಲೆ ಬೊಜ್ಜದ ಊಟದ ದಿನ, ತಮ್ಮನನ್ನು ಎದೆನೋವಿನಲ್ಲಿ ಬಿಟ್ಟು ವ್ಯಾಪಾರಕ್ಕೆ ಹೋದವಳು ಎಂದು ಊರೆಲ್ಲ ಕೇಳುವ ಹಾಗೆ ನನಗೆ ಹೇಳಿದ ಮೇಲೆ ಒಂಬತ್ತು ವರ್ಷ ನಾವು ಒಂದೇ ಬಂದರಿನಲ್ಲಿ ಮಾರಲಿಕ್ಕೆ ಮೀನು ತೆಗೆದುಕೊಂಡರೂ ಮುಖ ನೋಡಿದವರಲ್ಲ. ಹಾಗಾಗಿ ನಾನು ಸಿಸ್ಟರ ಹತ್ತಿರ ಸುಮ್ಮನಿದ್ದೆ. ಎರಡು ದಿನ. ಮೂರನೇ ದಿನ ಮೂಡುಬದಿಯಲ್ಲಿ ಒಬ್ಬಳು ಅಜ್ಜಿ ಬಚ್ಚಲಿನಲ್ಲಿ ಬಿದ್ದು ಒಂದು ಹಗಲು ಒಂದು ರಾತ್ರಿ ಹಾಗೇ ಇದ್ದಳು ಎಂದು ಸುದ್ದಿ ಬಂತು. ಬದುಕಿದಳು, ಕೈ ಮುರಿದಿದೆ. ಉಣ್ಣುತ್ತಿದ್ದವಳು ಬಟ್ಟಲು ಬದಿಗಿಟ್ಟು ಎದ್ದೆ.

ಕೈ ತೊಳೆದು ಸೀದಾ ಮಾಮಿಯ ಅಂಗಳಕ್ಕೆ ಹೋದೆ. ಅವಳು ಒಣಸೀಗಡಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಎಂತ ಬಂದದ್ದು?"

"ಕೆಲಸ ಉಂಟು. ನನ್ನ ಕೆಲಸ ಅಲ್ಲ."

ಅಂಗಳದ ಈ ತುದಿಯಲ್ಲಿ ನಿಂತೇ ಎಲ್ಲ ಹೇಳಿದೆ. ಅವಳು ಸೀಗಡಿಯ ಮೊರ ಬದಿಗಿಟ್ಟಳು. ಕಣ್ಣು ಮುಚ್ಚಿದಳು. ಆಮೇಲೆ, "ಬರೆ," ಎಂದಳು. ರೈಲ್ವೆ ಗೇಟಿನ ಹತ್ತಿರದ ಮೊದಲ ಮನೆಯಿಂದ ಶುರು ಮಾಡಿದಳು. ಬುಟ್ಟಿ ಹೊತ್ತು ನಡೆಯುವ ಹಾಗೆಯೇ, ಒಂದು ಮನೆಯಿಂದ ಇನ್ನೊಂದಕ್ಕೆ, ನಾಯಿ ಇರುವ ಗೇಟು, ಚೌಕಾಸಿ ಮಾಡುವ ಹೆಂಗಸು, ಎಲ್ಲ ಹೇಳಿಕೊಂಡು. ನನ್ನಲ್ಲಿ ಕಾಗದ ಇರಲಿಲ್ಲ, ಅವಳೇ ಹಳೇ ಕ್ಯಾಲೆಂಡರ್ ನನ್ನ ಕಡೆಗೆ ಬಿಸಾಡಿದಳು. ಅದರ ಹಿಂದೆ ಮೂವತ್ತಾರು ಹೆಸರು ಆಯಿತು. ಅಲ್ಲಿ ಅವಳು ನಿಂತಳು.

"ರೈಸ್‌ಮಿಲ್ಲಿನ ಹಿಂದೆ ಒಂದು ಹಂಚಿನ ಮನೆ. ಗಂಡಹೆಂಡತಿ ಮಾತ್ರ. ಪ್ರತಿ ಶುಕ್ರವಾರ ಒಂದು ಕಾಣೆ, ಅದೂ ಕ್ಲೀನ್ ಮಾಡಿ ತುಂಡು ಮಾಡಿ ಕೊಡಬೇಕು. ಯಾರಿಗೆ ಅಂತ ಕೇಳಿದ್ರೆ ಬೆಕ್ಕಿಗೆ ಅಂತಾಳೆ ಮಾರಾಯ್ತಿ. ಬೆಕ್ಕಿಗೆ ಯಾರಾದ್ರೂ ಕಾಣೆ ಹಾಕ್ತಾರಾ? ಆ ಮನೆಯಲ್ಲಿ ನಾನು ಬೆಕ್ಕು ನೋಡಿದ್ದೇ ಇಲ್ಲ."

ಸಿಸ್ಟರಿಗೆ ಫೋನ್ ಮಾಡಿದೆ. ಅವರ ಸ್ವರ ಬದಲಾಯಿತು. ಆ ಗಂಡಹೆಂಡತಿ ಇಬ್ಬರನ್ನೂ ಹಿಂದಿನ ದಿನ ಬೆಳಿಗ್ಗೆಯೇ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋಗಿದ್ದರು, ಮನೆಗೆ ಬೀಗ. ಇಮ್ಯಾನುಯೆಲನ ರಿಕ್ಷಾಕ್ಕೆ ಪಂಚಾಯತಿನ ಪಾಸ್ ಇತ್ತು. ಹತ್ತು ನಿಮಿಷದಲ್ಲಿ ಸಿಸ್ಟರ್, ಮಾಮಿ, ನಾನು ಮಿಲ್ಲಿನ ಹಿಂದೆ ಇಳಿದೆವು. ಮುಂದಿನ ಬಾಗಿಲು ಬಡಿದೆವು, ಸುತ್ತು ಬಂದೆವು. ಹಿಂಬದಿಯಲ್ಲಿ ಕಟ್ಟಿಗೆಕೊಟ್ಟಿಗೆಗೆ ತಾಗಿ ಒಂದು ಕೋಣೆ, ಅದಕ್ಕೂ ಬೀಗ, ಕಿಟಕಿ ಮುಚ್ಚಿತ್ತು. ಸಿಸ್ಟರ್ ಎಷ್ಟು ಕರೆದರೂ ಉತ್ತರ ಇಲ್ಲ. ಕೋಣೆ ಖಾಲಿ ಇರಬಹುದು, ಸುಮ್ಮನೆ ಬೀಗ ಒಡೆದರೆ ಮಾತು ಬರುತ್ತದೆ ಎಂದು ಇಮ್ಯಾನುಯೆಲ್ ಹಿಂದೆಮುಂದೆ ನೋಡಿದ.

ಆಗ ಮಾಮಿ ಮಾಸ್ಕನ್ನು ಸರಿಮಾಡಿ, ಸೊಂಟಕ್ಕೆ ಕೈಕೊಟ್ಟು, ಪ್ರತಿ ಶುಕ್ರವಾರ ಆ ಗೇಟಿನಲ್ಲಿ ಮೀನು ಬೇಕಾ ಎಂದು ಕೇಳುವ ಹಾಗೆಯೇ, "ಮೀನ್ ಬೋಡಾ, ಮೀನ್" ಎಂದು ಉದ್ದಕ್ಕೆ ಕೂಗಿದಳು.

ಒಳಗಿನಿಂದ ಟಕ್ ಟಕ್ ಎಂದು ಗೋಡೆಗೆ ಬಡಿಯುವ ಸದ್ದು ಬಂತು.

ಇಮ್ಯಾನುಯೆಲ್ ರಿಕ್ಷಾದ ಜ್ಯಾಕ್ ರಾಡ್ ತಂದು ಬೀಗ ಎಬ್ಬಿಸಿದ. ಒಳಗೆ ಹಾಸಿಗೆಯಲ್ಲಿ ಒಬ್ಬರು ಅಜ್ಜ. ಬೂಬಣ್ಣ ಎಂದು ಹೆಸರು, ಆ ಯಜಮಾನನ ಅಪ್ಪನ ತಮ್ಮ ಎಂದು ಆಮೇಲೆ ಗೊತ್ತಾಯಿತು. ಎಂಟು ವರ್ಷದ ಹಿಂದೆ ಲಕ್ವ ಹೊಡೆದು ಮಾತು ಹೋಗಿದೆ, ಬಲಗೈಯಲ್ಲಿ ಮಾತ್ರ ಶಕ್ತಿ. ತುಟಿ ಬಿರಿದಿತ್ತು, ಮೈಯೆಲ್ಲ ಒದ್ದೆ. ಕ್ಲಿಪ್ ಹಾಕಿದರೆ ಎಂಬತ್ತೆಂಟು. ಸಿಸ್ಟರ್ ಒಂದು ಕಡೆ ನೂರಾ ಎಂಟಕ್ಕೆ ಫೋನ್ ಮಾಡಿಕೊಂಡು, ಇನ್ನೊಂದು ಕಡೆ ನಮಗೆ ಹೇಳಿಕೊಂಡು. ನಾನು ತಲೆ ಎತ್ತಿ ಹಿಡಿದೆ, ಮಾಮಿ ಚಮಚದಲ್ಲಿ ನೀರು ಕೊಟ್ಟಳು. ಯಾವತ್ತೂ ಯಾರಿಗೂ ಮೆತ್ತಗೆ ಮಾತಾಡದವಳು, "ನಿಧಾನ ಅಜ್ಜ, ನಾನು ಎಲ್ಲಿಗೂ ಹೋಗುದಿಲ್ಲ" ಎನ್ನುತ್ತಿದ್ದಳು. ಅವರು ಅವಳ ಸೆರಗು ಬಿಡಲೇ ಇಲ್ಲ.

ಆ ಮನೆಯವರನ್ನು ನಾನು ಕೆಟ್ಟವರು ಎನ್ನಲಾರೆ. ಹೆಂಡತಿ ಹೋಗುವಾಗ ಪಕ್ಕದ ಮನೆಯವಳ ಕೈಗೆ ಬೀಗದಕೈ ಕೊಟ್ಟಿದ್ದಳು. ಆ ಪಕ್ಕದವಳಿಗೂ ಸಂಜೆಯೇ ಜ್ವರ ಏರಿ, ಎಚ್ಚರ ತಪ್ಪಿ, ಅವಳನ್ನೂ ಕರೆದುಕೊಂಡು ಹೋದರು, ಕೀ ಅವಳ ಚೀಲದಲ್ಲೇ ಹೋಯಿತು. ಬೆಕ್ಕಿನ ಸುಳ್ಳು ಎಂತಕ್ಕೆ ಎಂದು ಆಮೇಲೆ ಆ ಹೆಂಡತಿಯನ್ನು ಫೋನಿನಲ್ಲಿ ಕೇಳಿದೆವು. ಹಿಂಬದಿಯ ಕೋಣೆಯಲ್ಲಿ ಇಟ್ಟಿದ್ದಾರೆ ಎಂದು ಜನ ಆಡಿಕೊಳ್ಳುತ್ತಾರೆಂದು ಹೆದರಿಕೆ, ಎಂದು ಅತ್ತಳು.

ಬೂಬಣ್ಣ ನಿನ್ನೆ ಆಸ್ಪತ್ರೆಯಿಂದ ಬಂದರು. ತೊಂಬತ್ತೇಳು. ಆ ಮನೆಯವರೂ ಗುಣವಾಗಿ ಬಂದು ಅವರನ್ನು ಮುಂದಿನ ಕೋಣೆಗೆ, ರಸ್ತೆ ಕಾಣುವ ಕಿಟಕಿಯ ಹತ್ತಿರ ತಂದು ಮಲಗಿಸಿದ್ದಾರೆ. ಈಗ ನಮ್ಮ ಪಟ್ಟಿಯಲ್ಲಿ ನೂರಾ ಮೂರು ಜನ. ತಾಲೂಕಿನ ಡಾಕ್ಟರು ಬಂದು ಕ್ಯಾಲೆಂಡರಿನ ಫೋಟೋ ತೆಗೆದುಕೊಂಡು ಹೋದರು. ಸೋಮವಾರ ಕಾಪುವಿನ ಮೀನಿನವರಿಗೆ, ಬುಧವಾರ ಕಾರ್ಕಳದ ಮಾರ್ಕೆಟಿನವರಿಗೆ ನಾವು ಕಲಿಸಬೇಕಂತೆ. ನಾವು ಎಂದರೆ ಗುಲಾಬಿ ಮಾಮಿ ಮತ್ತು ನಾನು. ಮೈಕ್ ಇರುತ್ತದೆಯಂತೆ. ಮಾಮಿಗೆ ಮೈಕ್ ಬೇಡ ಎಂದು ನಾನು ಹೇಳಿದೆ, ಅವಳು ನಕ್ಕಳು.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಕಾಗದ ಹಿಡಿದದ್ದು ಇನ್ನೊಂದಕ್ಕೆ.

ಬೂಬಣ್ಣನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ನಾವಿಬ್ಬರೂ ಮಿಲ್ಲಿನ ಕಟ್ಟೆಯಲ್ಲಿ ಕೂತೆವು, ದೂರ ದೂರ. ನನ್ನ ಬಾಯಿಂದ ತಾನಾಗಿ ಬಂತು. ನಿನ್ನ ಅಪ್ಪ ತೀರಿಕೊಂಡ ದಿನ ಅವರು ಬೆಳಿಗ್ಗೆ ಐದು ಗಂಟೆಗೇ ಹೇಳಿದ್ದರು. ಎದೆ ಉರಿಯುತ್ತದೆ, ಎಡಗೈ ಭಾರ ಆಗುತ್ತದೆ ಎಂದು. ಗ್ಯಾಸ್ ಇರಬೇಕು ಎಂದು ಸೋಡಾ ಕೊಟ್ಟು ನಾನು ಬಂದರಿಗೆ ಹೋದೆ. ನಿನಗೆ ಮಾತ್ರ, ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಆದದ್ದು, ಮಾಮಿ ಸುಳ್ಳು ಹೇಳುತ್ತಾಳೆ ಎಂದೆ. ನೀನು ಆಗ ಎಂಟನೇ ಕ್ಲಾಸು, ನಂಬಿದೆ. ನರ್ಸಿಂಗಿಗೆ ಸೇರಿದ ಮೇಲೆ ಎಡಗೈ ಭಾರ ಎಂದರೆ ಎಂತ ಎಂದು ನಿನಗೆ ಗೊತ್ತಾಯಿತು, ಆಮೇಲೆ ನನಗೆ ಹೇಳುವ ಧೈರ್ಯ ಬರಲಿಲ್ಲ.

ನಾನು ಹೇಳಿ ಮುಗಿಸಿದಾಗ ಮಾಮಿ ರಸ್ತೆಯನ್ನೇ ನೋಡುತ್ತಿದ್ದಳು. "ಹನ್ನೊಂದು ಗಂಟೆಗೆ ಅವನು ನನಗೆ ಫೋನ್ ಮಾಡಿದ್ದ ಅಪ್ಪಿ," ಎಂದಳು. "ಅಕ್ಕ, ಎದೆ ನೋಯ್ತದೆ, ಅಪ್ಪಿಗೆ ಫೋನ್ ಹೋಗುದಿಲ್ಲ ಅಂತ. ಬುಟ್ಟಿಯಲ್ಲಿ ಸ್ವಲ್ಪವೇ ಉಂಟು, ಮುಗಿಸಿ ಬರ್ತೇನೆ ಅಂದೆ ನಾನು. ನಿನಗೆ ಬೈದದ್ದು ನಾನು ಬೈಸಿಕೊಳ್ಳದಿರಲಿಕ್ಕೆ."

ಒಂಬತ್ತು ವರ್ಷ ಇಬ್ಬರೂ ಒಂದೇ ಕಲ್ಲು ಹೊತ್ತಿದ್ದೆವು, ಹೆದ್ದಾರಿಯ ಆಚೆ ಒಬ್ಬಳು, ಈಚೆ ಒಬ್ಬಳು. ನೀನು ಸಿಟ್ಟು ಮಾಡಿದರೆ ಮಾಡು. ಅದು ನಿನ್ನ ಹಕ್ಕು. ಆದರೆ ತಿಳಿದು ಸಿಟ್ಟು ಮಾಡು, ನಾನು ಕಟ್ಟಿಕೊಟ್ಟ ಕಥೆಯನ್ನು ಇಟ್ಟುಕೊಂಡು ಬೇಡ.

ಸರಿಯಾಗಿ ಊಟ ಮಾಡು. ನಿನ್ನ ವಾರ್ಡಿನಲ್ಲಿ ಮಾತು ಬಾರದವರು ಯಾರಾದರೂ ಇದ್ದರೆ ಅವರ ಬಲಗೈ ನೋಡು.

ಇಷ್ಟು ದಿನ ಸುಳ್ಳು ಹೇಳಿದ, ಇನ್ನು ಹೇಳದ
ನಿನ್ನ ಅಮ್ಮ
ಅಪ್ಪಿ

ಮರೆತದ್ದು: ಈ ಕಾಗದ ಟಪಾಲಿನಲ್ಲಿ ಬಂದದ್ದಲ್ಲ. ಹಾಸ್ಟೆಲಿನ ವಾಚ್‌ಮನ್ ಕೈಗೆ ಕೊಟ್ಟವಳು ಗುಲಾಬಿ ಮಾಮಿ. ಇಮ್ಯಾನುಯೆಲ್ ಆರೋಗ್ಯ ಕೇಂದ್ರಕ್ಕೆ ಔಷಧಿ ತರಲು ಮಣಿಪಾಲಕ್ಕೆ ಬರುವಾಗ ಅವಳೂ ರಿಕ್ಷಾ ಹತ್ತಿದ್ದಾಳೆ. ಅವನು ತಿರುಗಿ ಬರುವವರೆಗೆ ಗೇಟಿನ ಎದುರು ರಸ್ತೆಯ ಆಚೆ ಬದಿ ನಿಂತಿರುತ್ತಾಳೆ. ಮಾಸ್ಕ್ ಇರುವುದರಿಂದ ಗುರುತು ಸಿಗಲಿಕ್ಕಿಲ್ಲ, ನೀಲಿ ಸೀರೆ. ನೀನು ಬಾರದಿದ್ದರೆ ಬೇಸರ ಇಲ್ಲ, ಹಾಸ್ಟೆಲಿನ ಕಿಟಕಿ ನೋಡಿಕೊಂಡು ಬರುತ್ತೇನೆ ಎಂದಿದ್ದಾಳೆ. ಇದನ್ನು ಇನ್ನೊಂದು ಸಲ ಆಮೇಲೆ ಓದಬಹುದು. ಈಗ ಕೆಳಗೆ ಇಳಿ ಮಗಾ.