ಸ್ಪ್ರಿಂಗ್ ಬಿದ್ದ ಶೂ

ಕಾರಡ್ಕ
21-9-2025, ಭಾನುವಾರ

ಪ್ರೀತಿಯ ತಮ್ಮ ಶ್ಯಾಮನಿಗೆ,

ಹೇಗಿದ್ದೀ? ಚೆನ್ನೈಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀ ತಾನೇ? ಅಮ್ಮನ ಮಂಡಿನೋವು ಪರವಾಗಿಲ್ಲ. ಮೂರು ದಿನದಿಂದ ಮಾತ್ರ ನನ್ನ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದಾಳೆ, ಅದರ ಕಾರಣ ಮುಂದೆ ಬರೆಯುತ್ತೇನೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀ, ನನಗೆ ಹೇಳಬೇಕಾದದ್ದೇ ಮರೆತುಹೋಗುತ್ತದೆ.

ನಿನ್ನ ಕಂಪೆನಿಯ ಪೆಟ್ಟಿಗೆ ಹೋದ ವಾರ ತಲುಪಿತು. ನನ್ನ ತಮ್ಮನೇ ಚಿತ್ರ ಬರೆದು ರೂಪಿಸಿದ ಮೊದಲ ಶೂ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮಾರಾಯ, ನೋಡಿದಷ್ಟೂ ತಲೆ ಕೆಟ್ಟಿತು. ಹಿಮ್ಮಡಿಯ ಅಡಿಯಲ್ಲಿ ಎರಡೆರಡು ಸ್ಪ್ರಿಂಗ್, ನಡುವೆ ಆಚೆ ಈಚೆ ಕಾಣುವ ಕಿಟಕಿ, ಲೇಸ್ ಇರಬೇಕಾದಲ್ಲಿ ರೇಡಿಯೋದಲ್ಲಿರುವಂತೆ ತಿರುಗಿಸುವ ಗುಂಡಿ, ಕಾಲು ಊರಿದಾಗಲೆಲ್ಲ ಮಿನುಗುವ ಕೆಂಪು ದೀಪ. ಗಣಿತದ ಶ್ರೀರಾಮ ಮಾಷ್ಟ್ರು ತಮಾಷೆಗೆ ಚಾರ್ಜಿಗೆ ಇಡುವ ತೂತು ಎಲ್ಲಿ ಎಂದು ಹುಡುಕಿದರು. ತೂತು ನಿಜವಾಗಿಯೂ ಇತ್ತು!

ಓಡುವ ಮಕ್ಕಳಿಗೆ ಹಾಕಿಸಿ ನೋಡಿ ಅಂಕ ಕೊಡಬೇಕೆಂದು ಅದರೊಂದಿಗೆ ಒಂದು ಫಾರಂ ಬಂದಿದೆ. ಐದರಲ್ಲಿ ನಾಲ್ಕು ಅಂಕ ಬಂದರೆ ನಿನ್ನ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ನೀನು ಹೊರಗೆ ಎಂದು ನೀನೇ ಹೇಳಿದ್ದೀ. ಅದನ್ನು ನೆನೆದರೆ ಪೆನ್ನು ಹಿಡಿಯಲು ಭಯವಾಗುತ್ತದೆ. ನನ್ನ ಒಂಬತ್ತನೆಯ ತರಗತಿಯ ತುಂಗಾ ಈ ಸಲ ಉಪಜಿಲ್ಲಾ ಕ್ರೀಡಾಕೂಟದಲ್ಲಿ ಸಾವಿರದೈನೂರು ಮೀಟರ್ ಓಡುವವಳು. ಅವಳಿಗೆ ಹಾಕಿಸಿದೆ. ಮೊದಲ ಸುತ್ತಿನಲ್ಲೇ ನಮ್ಮ ಗ್ರೌಂಡಿನ ಕೆಂಪು ಹರಳುಕಲ್ಲುಗಳು ಕಿಟಕಿಯೊಳಗೆ ಹೊಕ್ಕು ಗಡಗಡ ಸದ್ದು. ಮೂರನೆಯ ಸುತ್ತಿಗೆ ಅವಳು ಶೂ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿದಳು. ಎಂತ ಆಯಿತೆಂದು ಕೇಳಿದರೆ ತಡವರಿಸುತ್ತ, “ಹಿಂದೆ ಎತ್ತರ ಉಂಟಲ್ಲ ಟೀಚರೇ, ಬೆರಳೆಲ್ಲ ಮುಂದೆ ಹೋಗಿ ಒತ್ತುತ್ತದೆ. ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ,” ಎಂದಳು. ಫಾರಂ ತಿರುವಿ ನೋಡಿದೆ. ಹಾರಿದ ಅನುಭವವಾಯಿತೇ ಎಂಬ ಪ್ರಶ್ನೆ ಇದೆ, ಬಣ್ಣ ನಿಮ್ಮ ಸ್ವಭಾವಕ್ಕೆ ಒಪ್ಪುತ್ತದೆಯೇ ಎಂದೂ ಇದೆ. ಬೆರಳಿನ ಸುದ್ದಿ ಎಲ್ಲಿಯೂ ಇಲ್ಲ.

ಅಷ್ಟರಲ್ಲಿ ಮಳೆ ಬಂದು ಶೂ ಒದ್ದೆಮುದ್ದೆ. ಮನೆಗೆ ತಂದು ಜಗಲಿಯಲ್ಲಿಟ್ಟೆ. ನಾವು ಶಾಲೆಗೆ ಹೋಗುವಾಗ ಒದ್ದೆ ಚೀಲ, ಚಪ್ಪಲಿಗಳನ್ನು ಒಣಗಿಸುತ್ತಿದ್ದ ಹಾಗೆ ಅಮ್ಮ ಅದನ್ನು ಬಚ್ಚಲ ಒಲೆಯ ಮೇಲಿನ ಬಿದಿರಿನ ತಟ್ಟಿಗೆ ಏರಿಸಿದ್ದಾಳೆ. ಬೆಳಿಗ್ಗೆ ನೋಡಿದರೆ ಅಂಟು ಕರಗಿ ಸ್ಪ್ರಿಂಗುಗಳು ಬೂದಿಯಲ್ಲಿ ಬಿದ್ದಿವೆ, ದೀಪ ಸತ್ತಿದೆ, ಶೂವಿನ ಅಡಿಯಲ್ಲಿ ತೆಳ್ಳಗಿನ ರಬ್ಬರಿನ ಅಟ್ಟೆ ಮಾತ್ರ ಉಳಿದಿದೆ. ನಾನು ಕಿರುಚಿದೆ. ಅಮ್ಮ ಅದನ್ನು ತಿರುಗಿಸಿ ನೋಡಿ, “ಅಡಿಯದ್ದು ಬಿದ್ದದ್ದು ಮಾತ್ರ. ಶೂಗೆ ಎಂತ ಆಗ್ಲಿಲ್ಲ,” ಎಂದಳು. ನನಗೆ ಅಳು ಬಂತು. ತಮ್ಮನ ಅನ್ನಕ್ಕೆ ಕಲ್ಲು ಹಾಕಿದೆವೆಂದೇ ಎಣಿಸಿದೆ.

ಬಿಸಾಡಲು ಮನಸ್ಸು ಬಾರದೆ ಮರುದಿನ ಅದನ್ನೇ ತುಂಗಾಳಿಗೆ ಕೊಟ್ಟೆ. ಒಮ್ಮೆಯೂ ನಿಲ್ಲದೆ ಓಡಿ ಮುಗಿಸಿದಳು. ದಿನಾ ಬರಿಗಾಲಲ್ಲಿ ಓಡುವುದಕ್ಕಿಂತ ಏಳು ಸೆಕೆಂಡು ಕಡಿಮೆ. ಹೇಗಿತ್ತು ಎಂದರೆ, ಎಂತದೂ ಗೊತ್ತಾಗಲಿಲ್ಲ ಎಂದಳು. ಅದು ಹೊಗಳಿಕೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಕೇಳಿ ಹಾಕಿಕೊಂಡರು.

ಈಗ ನಾನು ಅಂಕ ಕೊಡಬೇಕಾದದ್ದು ಯಾವುದಕ್ಕೆ? ನೀನು ಕಳಿಸಿದ್ದಕ್ಕೋ, ಅಮ್ಮ ಉಳಿಸಿದ್ದಕ್ಕೋ? ಆ ಅಟ್ಟೆಯೂ ನೀನೇ ಮಾಡಿದ್ದಲ್ಲವೇ? ಐದು ಕೊಟ್ಟರೆ ಯಾರೋ ಮಕ್ಕಳು ಬೆರಳು ನೋಯಿಸಿಕೊಳ್ಳುತ್ತಾರೆ, ಒಂದು ಕೊಟ್ಟರೆ ನೀನು ಮನೆಗೆ ಬರುತ್ತೀ. ಪೆನ್ಸಿಲಿನಲ್ಲಿ ಬರೆದು ಬರೆದು ಅಳಿಸಿ ಫಾರಂ ತೂತು ಬೀಳುವಂತಾಗಿದೆ. ನನಗಂತೂ ಒಂದೂ ತಿಳಿಯುತ್ತಿಲ್ಲ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಒಲೆಯ ವಿಷಯ ಬರೆಯಬೇಡ ಎಂದೂ ಹೇಳಿದ್ದಾಳೆ. ಮೈ ನೋಡಿಕೋ.

ನಿನ್ನ ಅಕ್ಕ,
ಶ್ರೀರಂಜಿನಿ

ತಾ.ಕ.: ಫಾರಂ ಇದರೊಳಗೆ ಇಟ್ಟಿದ್ದೇನೆ. ಬಂದ ಶೂಗೆ ಒಂದು, ಉಳಿದ ಶೂಗೆ ಐದು ಎಂದು ಎರಡನ್ನೂ ಬರೆದು ಸಹಿ ಹಾಕಿದ್ದೇನೆ. ಆಫೀಸಿಗೆ ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿನ್ನೆ ಹೊರಡುವಾಗ ತುಂಗಾ ಕೇಳಿದಳು, “ಇದನ್ನು ಮಾಡಿದವರು ಓಡುತ್ತಾರಾ ಟೀಚರೇ?” ನಾನು ಹೌದು ಎಂದುಬಿಟ್ಟೆ. ಹೈಸ್ಕೂಲಿನಲ್ಲಿ ಇದೇ ಗ್ರೌಂಡಿನಲ್ಲಿ ನಿನ್ನನ್ನು ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ. ಈ ಶೂ ಹಾಕಿಕೊಂಡು ನೀನು ಒಂದು ಸುತ್ತಾದರೂ ಓಡಿದ್ದೀಯಾ, ಶ್ಯಾಮ?